ಸಿಲಿಂಡರ್ ಸದ್ದು ಮತ್ತು ನಮ್ಮ ರಾಗಿ

ಗ್ಯಾಸ್ ಸಿಲಿಂಡರ್ ಉರುಳುವ ಸದ್ದು ಕೇಳಿದರೆ ಸಾಕು, ನಮ್ಮ ರಾಗಿ ಗೇಟಿನ ಮೇಲೆ ಎಗರಿ ಬೀಳುತ್ತಿದ್ದಳು. ಬೀದಿಯಿಂದ ತಂದು ಸಾಕಿದ ನಾಯಿ. ಮೊದಲು ಬಂದ ತರಬೇತುದಾರರೊಬ್ಬರು ಕೊರಳಿಗೆ ಸರಪಳಿ ಬಿಗಿದು ಜಗ್ಗಿದರು. ಅಂದಿನಿಂದ ಅವಳು ಗುರುಗುಟ್ಟುವುದನ್ನೇ ಬಿಟ್ಟು ನೇರವಾಗಿ ಬಾಯಿ ಹಾಕತೊಡಗಿದಳು.

ಈಗ ಮೈಸೂರಿನ ನಮ್ಮ ಮನೆಗೆ ಬರುತ್ತಿರುವ ನಾಯಿ ವರ್ತನೆಯ ತಜ್ಞೆ ಮೊದಲ ದಿನ ಅವಳನ್ನು ಮುಟ್ಟಲೇ ಇಲ್ಲ. ಮುಕ್ಕಾಲು ಗಂಟೆ ಸುಮ್ಮನೆ ಕುಳಿತು ನೋಡಿದರು. "ತಲೆ ಕೊಡವುತ್ತಿದ್ದಾಳೆ, ಮೊದಲು ಪಶುವೈದ್ಯರಿಗೆ ಕಿವಿ ತೋರಿಸಿ" ಎಂದರು. ತೋರಿಸಿದರೆ ಸೋಂಕು! ನಮಗೆ ಕಂಡಿರಲೇ ಇಲ್ಲ.

ಆಮೇಲೆ ಪಾಠ. ಸಿಲಿಂಡರ್ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಹಾಕಬೇಕು. ಸದ್ದಾದ ಕೂಡಲೇ ಕಡಲೆಕಾಳಿನಷ್ಟು ತಿಂಡಿ ಕೊಡಬೇಕು. ಬೇಯಿಸಿದ ಕೋಳಿ ಲಿವರ್ ಒಳ್ಳೆಯದೆಂದರು, ನಮ್ಮ ಅತ್ತೆಯವರ ಮುಖ ನೋಡಿ ಪನೀರಿಗೆ ಒಪ್ಪಿದರು. ಸದ್ದು ಮೊದಲು, ತಿಂಡಿ ಆಮೇಲೆ. ನಾನು ಎರಡು ಸಲ ತಿರುಗುಮುರುಗು ಮಾಡಿ ಬೈಸಿಕೊಂಡೆ. ಅವಳು ತಿನ್ನಲು ಒಲ್ಲೆ ಎಂದರೆ ಸದ್ದು ಜಾಸ್ತಿಯಾಯಿತೆಂದೇ ಅರ್ಥ; ತಗ್ಗಿಸಬೇಕು, ಗದರಬಾರದು.

ಒಂದು ಭೇಟಿಗೆ 1,200 ರೂಪಾಯಿ. ಹೇಳಿದ ಹೊತ್ತಿಗೆ ಒಮ್ಮೆಯೂ ಬಂದವರಲ್ಲ, ಫೋನ್ ಮಾಡಿ ತಿಳಿಸುವ ಅಭ್ಯಾಸವೂ ಇಲ್ಲ. ನಿತ್ಯದ ದುಡಿಮೆ ಮಾತ್ರ ನಮ್ಮದೇ: ದಿನಕ್ಕೆರಡು ಬಾರಿ, ಐದೈದು ನಿಮಿಷ.

ಏಳನೆಯ ವಾರ ನಿಜವಾದ ಸಿಲಿಂಡರ್ ಬಂತು. ರಾಗಿ ಎರಡು ಬಾರಿ ಬೊಗಳಿ, ಹಿಂದಿರುಗಿ ನನ್ನ ಜೇಬು ನೋಡಿದಳು.