ದಿನಗಳ ಲೆಕ್ಕ ತಪ್ಪದ ಕಚೇರಿ: ಕಾಸರಗೋಡಿನಲ್ಲಿ ಪಡೆದ ಮೇಲ್ಮನವಿ ಸೇವೆಯ ಬಗ್ಗೆ

ಅಡಿಕೆ ವ್ಯಾಪಾರದ ನಮ್ಮ ಕುಟುಂಬ ಕಂಪೆನಿಯಲ್ಲಿ ಹೊಸ ಷೇರುಗಳನ್ನು ಹಂಚಿ ನನ್ನ ಪಾಲನ್ನು ಕುಗ್ಗಿಸಿದ್ದನ್ನು ಪ್ರಶ್ನಿಸಿದ ಅರ್ಜಿ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯಲ್ಲಿ ವಜಾ ಆದಾಗ, ಮೇಲ್ಮನವಿಗಾಗಿ ನಾನು ಕಾಸರಗೋಡಿನ ಒಂದು ವಕೀಲರ ಕಚೇರಿಗೆ ಹೋದೆ. ಕಡತ ಬಿಚ್ಚುವ ಮೊದಲೇ ಅಲ್ಲಿನ ಹಿರಿಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ‘ಆದೇಶದ ಪ್ರತಿ ನಿಮ್ಮ ಕೈಸೇರಿದ್ದು ಯಾವ ತಾರೀಕಿಗೆ?’ ಈ ಪ್ರಶ್ನೆಗಾಗಿಯೇ ಆ ಕಚೇರಿಯನ್ನು ಇತರರಿಗೆ ಧೈರ್ಯದಿಂದ ಸೂಚಿಸಬಲ್ಲೆ.

2013ರ ಕಂಪೆನಿ ಕಾಯ್ದೆಯ 421ನೇ ಸೆಕ್ಷನ್ನಿನ ಪ್ರಕಾರ ಪ್ರತಿ ದೊರೆತ ದಿನದಿಂದ 45 ದಿನಗಳೊಳಗೆ ರಾಷ್ಟ್ರೀಯ ಕಂಪೆನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನೂ 45 ದಿನಗಳವರೆಗೆ ಅವಕಾಶ ಸಿಗಬಹುದು, ಅದರಾಚೆಯ ಒಂದು ದಿನದ ವಿಳಂಬವನ್ನೂ ಮನ್ನಿಸುವ ಅಧಿಕಾರ ಆ ಮಂಡಳಿಗಿಲ್ಲ. ಮೊದಲು ವಿಚಾರಿಸಿದ್ದ ಇನ್ನೊಂದು ಕಡೆ ‘ತಡವಾದರೆ ಅರ್ಜಿ ಹಾಕಿ ಮನ್ನಾ ಮಾಡಿಸೋಣ’ ಎಂದಿದ್ದರು. ಆ ಮಾತನ್ನು ನಂಬಿ ಕುಳಿತಿದ್ದರೆ ನನ್ನ ಹಕ್ಕು ಅಲ್ಲಿಗೇ ಮುಗಿಯುತ್ತಿತ್ತು.

ಗಡಿಯವರಾದ ನಮ್ಮ ಗೊಂದಲವನ್ನೂ ಅವರು ಬಿಡಿಸಿದರು. ಕಂಪೆನಿಯ ನೋಂದಾಯಿತ ಕಚೇರಿ ಮಂಜೇಶ್ವರದಲ್ಲಿದ್ದರೆ ಅರ್ಜಿ ಕೊಚ್ಚಿ ಪೀಠಕ್ಕೆ, ತಲಪಾಡಿ ದಾಟಿ ಮಂಗಳೂರಿನಲ್ಲಿದ್ದರೆ ಬೆಂಗಳೂರು ಪೀಠಕ್ಕೆ; ಆದರೆ ಎರಡರ ಮೇಲ್ಮನವಿಯೂ ಸೇರುವುದು ಮೇಲ್ಮನವಿ ನ್ಯಾಯಮಂಡಳಿಯ ಚೆನ್ನೈ ಪೀಠವನ್ನೇ. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟು ಕೇಳುವುದು ಕಾನೂನಿನ ಪ್ರಶ್ನೆಯನ್ನು ಮಾತ್ರ. ಆದ್ದರಿಂದ ಲೆಕ್ಕಪತ್ರಗಳಲ್ಲಿ ಏನಿದೆ, ಸಭೆಯಲ್ಲಿ ನಿಜವಾಗಿ ಏನು ನಿರ್ಣಯವಾಯಿತು ಎಂಬುದೆಲ್ಲ ಚೆನ್ನೈಯಲ್ಲೇ ಗಟ್ಟಿಯಾಗಿ ನಿಲ್ಲಬೇಕೆಂದು ಅವರು ಒತ್ತಿ ಹೇಳಿದರು.

ಇಷ್ಟು ತಿಳಿದವರ ಕಚೇರಿಯಲ್ಲೇ ತರ್ಜಮೆಯ ಕೆಲಸ ಸೊರಗಿದ್ದು ನನಗೆ ನೋವು ತಂದಿತು. ತಂದೆಯವರ ಕಾಲದಿಂದಲೂ ನಮ್ಮ ನಡಾವಳಿ ಪುಸ್ತಕ ಕನ್ನಡದಲ್ಲಿದೆ; ಮಂಡಳಿಯ ವ್ಯವಹಾರವೋ ಇಂಗ್ಲಿಷಿನಲ್ಲಿ. ನಿರ್ದೇಶಕರೊಬ್ಬರಿಂದ ಕಂಪೆನಿ ‘ಕೈಗಡ’ವಾಗಿ ಪಡೆದ ಹಣವೆಂದು ನಡಾವಳಿಯಲ್ಲಿ ಸ್ಪಷ್ಟವಾಗಿ ಬರೆದದ್ದನ್ನು, ಕನ್ನಡ ಸರಿಯಾಗಿ ಬಾರದ ತರ್ಜಮೆಗಾರರು ಷೇರಿಗಾಗಿ ಕಟ್ಟಿದ ಹಣವೆಂದು ಬರೆದುಬಿಟ್ಟಿದ್ದರು. ನನ್ನ ವಾದವೆಲ್ಲ ನಿಂತಿರುವುದು ಆ ಒಂದು ಪದದ ಮೇಲೆ. ಎರಡು ದಿನ ಅಲ್ಲೇ ಕುಳಿತು ಪುಟಪುಟವನ್ನೂ ನಾನೇ ತಿದ್ದಿಸಬೇಕಾಯಿತು. ಸಾವಿರಾರು ಕನ್ನಡ ಕಡತಗಳಿರುವ ಈ ಜಿಲ್ಲೆಯಲ್ಲಿ ಕನ್ನಡ ಬಲ್ಲ ಒಬ್ಬರನ್ನು ಆ ಕಚೇರಿ ನೇಮಿಸಿಕೊಳ್ಳಲೇಬೇಕು.

ಶುಲ್ಕವನ್ನು ಮೊದಲೇ ಬರೆದುಕೊಟ್ಟರು, ಅದರಂತೆಯೇ ನಡೆದುಕೊಂಡರು. 38ನೇ ದಿನ ಮೇಲ್ಮನವಿ ಸಲ್ಲಿಕೆಯಾಯಿತು. ಅಲ್ಲಿಗೆ ಹೋಗುವವರು ಆದೇಶದ ಜತೆಗೆ ಅದು ಬಂದ ಅಂಚೆ ಲಕೋಟೆಯನ್ನೂ ಒಯ್ಯಿರಿ. ಮುದ್ರೆಯ ತಾರೀಕನ್ನು ಅವರು ಮೊದಲು ನೋಡುತ್ತಾರೆ.