ಲಗೇಜ್ ತೂಗುವ ಕೈತಕ್ಕಡಿ: ವಿಜಯಪುರ–ಶಾರ್ಜಾ ಓಡಾಟದಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಬ್ಯಾಗಿಗೆ ಸಿಕ್ಕಿಸಿ, ಎತ್ತಿ ಹಿಡಿದು ತೂಗುವ ಡಿಜಿಟಲ್ ತಕ್ಕಡಿ ಇದು. ಅಂಗೈಯಲ್ಲಿ ಹಿಡಿಸುತ್ತದೆ. ಒಂದು ಪಟ್ಟಿ, ಎರಡು ಬಟನ್, ಅಷ್ಟೇ. 50 ಕೆಜಿವರೆಗೆ ತೂಗುತ್ತದೆ. ಐನೂರು ರೂಪಾಯಿ ಆಸುಪಾಸು ಕೊಟ್ಟ ನೆನಪು. ನನ್ನ ಊರು ವಿಜಯಪುರ, ಕೆಲಸ ಶಾರ್ಜಾದಲ್ಲಿ. ರಜೆಗೆ ಬರುವಾಗ ಪಾಸ್‌ಪೋರ್ಟ್ ಜೊತೆಗೆ ಇದನ್ನೂ ನೆನಪಿಟ್ಟು ತರುತ್ತೇನೆ.

ಇದನ್ನು ಕೊಂಡವರು ಹೆಚ್ಚಾಗಿ ಹೊರಡುವ ಹಿಂದಿನ ರಾತ್ರಿ ಕಪಾಟಿನಿಂದ ತೆಗೆಯುತ್ತಾರೆ. ಅಷ್ಟಕ್ಕೇ ಆದರೆ ಸುಮ್ನೆ ದುಡ್ಡು ದಂಡ. ಅಷ್ಟೊತ್ತಿಗೆ ಎಲ್ಲ ಖರೀದಿ ಮುಗಿದಿರುತ್ತದೆ, ಯಾರ ಸಾಮಾನು ಬಿಟ್ಟು ಹೋಗೋದು ಅನ್ನುವ ಜಗಳವಷ್ಟೇ ಬಾಕಿ. ಸೀರೆ, ಕರದಂಟು ತರಲು ಹೊರಡುವ ದಿನವೇ ಇದು ಕಿಸೆಯಲ್ಲಿ ಇರಬೇಕು.

ನಾನು ಮೊದಲು ಖಾಲಿ ಬ್ಯಾಗ್ ತೂಗುತ್ತೇನೆ. ದೊಡ್ಡ ಟ್ರಾಲಿ ಬ್ಯಾಗ್ ಒಂದೇ ನಾಲ್ಕೈದು ಕೆಜಿ ಇರುತ್ತದೆ. 30 ಕೆಜಿ ಟಿಕೆಟ್ ಅಂದರೆ ಕೈಗೆ ಸಿಗೋದು 25. ಅದನ್ನು ಚೀಟಿಯಲ್ಲಿ ಊರುವಾರು ಹಂಚುತ್ತೇನೆ: ಇಳಕಲ್ಲಿನ ಸೀರೆಗೆ ಇಷ್ಟು, ಗುಳೇದಗುಡ್ಡದ ರವಿಕೆ ಖಣಕ್ಕೆ ಇಷ್ಟು, ಅಮೀನಗಡದ ಕರದಂಟಿಗೆ ಇಷ್ಟು. ಅವ್ವನ ಡಬ್ಬಿಗಳಿಗೆ ಬರೆದದ್ದರ ಮೇಲೆ ಎರಡು ಕೆಜಿ ಗುಟ್ಟಾಗಿ ಸೇರಿಸಿಯೇ ಇಟ್ಟಿರುತ್ತೇನೆ. "ಶೇಂಗಾ ಚಟ್ನಿಗೆ ಏನ್ ಭಾರ ಆಗತೈತೋ, ಹಾಕು ಒಳಗ" ಅನ್ನುವ ಮಾತು ಪ್ರತಿ ಸಲ ಬರುತ್ತದೆ.

ಕಾರು ಮಾಡಿಕೊಂಡು ಬೆಳಿಗ್ಗೆ ಬೇಗ ಹೊರಟರೆ ಇದೆಲ್ಲ ಒಂದೇ ದಿನದ ಸುತ್ತು. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ಹಿಡಿದು ಹುನಗುಂದದ ಮೇಲೆ ನೇರ ಇಳಕಲ್ಲಿಗೆ ಹೋಗುತ್ತೇನೆ. ಬರುವಾಗ ಅಮೀನಗಡ, ಗುಳೇದಗುಡ್ಡ, ಬಾಗಲಕೋಟೆ ಮಾಡಿಕೊಂಡು ಮನೆಗೆ. ಸೀರೆ ಮೊದಲು ಯಾಕೆ ಅಂದರೆ, ಅದು ಲೆಕ್ಕದ ಮೇಲೆ ಕೊಳ್ಳುವ ಸಾಮಾನು. ತಂಗಿಗೆ ಒಂದು, ವೈನಿಗೆ ಒಂದು ಅಂತ ಇರುತ್ತದೆ, ಅರ್ಧ ಸೀರೆ ಕಡಿಮೆ ಮಾಡೋಕೆ ಆಗಲ್ಲ. ಕರದಂಟು ಹಾಗಲ್ಲ, ತೂಕ ಎಷ್ಟು ಉಳಿಯಿತೋ ಅಷ್ಟು ಕಟ್ಟಿಸಿದರಾಯ್ತು. ಗುಳೇದಗುಡ್ಡದ ಖಣ ಎಷ್ಟು ತಗೊಂಡರೂ ತಕ್ಕಡಿಗೆ ದೊಡ್ಡದಾಗಿ ಗೊತ್ತೇ ಆಗಲ್ಲ.

ಇಳಕಲ್ಲಿನ ಅಂಗಡಿಯಲ್ಲಿ ಸೀರೆ ಚೀಲವನ್ನು ಇದಕ್ಕೆ ಸಿಕ್ಕಿಸಿ ಎತ್ತಿದಾಗ ಗದ್ದಿಗೆ ಮೇಲೆ ಕೂತಿದ್ದ ಹಿರಿಯರು ನಕ್ಕುಬಿಟ್ಟರು. "ಏನ್ರೀ ಸಾಹೇಬ್ರ, ಸೀರಿ ಕೆಜಿ ಲೆಕ್ಕದಾಗ ಒಯ್ತೀರೇನು?" ನಗಲಿ ಬಿಡಿ. ಹತ್ತಿ ಒಡಲಿನ ಒಂದು ಸೀರೆ ಅರ್ಧ ಕೆಜಿ ಆಸುಪಾಸು ಬರುತ್ತದೆ. ಆರು ಸೀರೆ ಅಂದರೆ ಮೂರು ಕೆಜಿ ಹೋಯ್ತು ಅಲ್ವಾ?

ಸೀರೆಗಳನ್ನು ಯಾವಾಗಲೂ ಬ್ಯಾಗಿನ ಮೇಲ್ಗಡೆ ಇಡಿ. ಕೌಂಟರಿನಲ್ಲಿ ತೂಕ ಜಾಸ್ತಿ ಬಂದರೆ ಅಲ್ಲೇ ನೆಲದ ಮೇಲೆ ಬ್ಯಾಗ್ ಬಿಚ್ಚಿ ಕೈಚೀಲಕ್ಕೆ ಹಾಕಬೇಕಾಗುತ್ತದೆ. ಖಾರಪುಡಿ, ಉಪ್ಪಿನಕಾಯಿ ಅಂಥದ್ದನ್ನು ಸೆಕ್ಯೂರಿಟಿಯವರು ಕೈಚೀಲದಲ್ಲಿ ಬಿಡುವುದಿಲ್ಲ. ಬಟ್ಟೆಗೆ ತಕರಾರಿಲ್ಲ. ಆದರೆ ಕೈಚೀಲಕ್ಕೂ ಸಾಮಾನ್ಯವಾಗಿ 7 ಕೆಜಿ ಮಿತಿ ಇದೆ, ಅದನ್ನೂ ಮನೆಯಲ್ಲೇ ತೂಗಿ ಜಾಗ ಬಿಟ್ಟಿರಬೇಕು.

ಬೆಳಗಾವಿ ಕಡೆಯವರಿಗೆ ಇನ್ನೊಂದು ತೊಡಕಿದೆ. ಅಲ್ಲಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ನೇರ ವಿಮಾನ ಇಲ್ಲ. ಮುಂಬೈಗೋ ಬೆಂಗಳೂರಿಗೋ ಹೋಗಿ ಹತ್ತಬೇಕು. ದೇಶದೊಳಗಿನ ಟಿಕೆಟ್ ಬೇರೆಯಾಗಿ ಮಾಡಿಸಿದರೆ ಅದಕ್ಕೆ ಸಾಮಾನ್ಯವಾಗಿ 15 ಕೆಜಿ ಮಾತ್ರ. ಮುಂದಿನ ವಿಮಾನಕ್ಕೆ 30 ಇದೆ ಅಂತ ಹೇಳಿದರೆ ಕೌಂಟರಿನಲ್ಲಿ ಯಾರೂ ಕೇಳಲ್ಲ. ನನ್ನ ಗೆಳೆಯನೊಬ್ಬ ಕುಂದಾ ಡಬ್ಬಿಗಳಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ದುಡ್ಡನ್ನು ಅದರ ತೂಕಕ್ಕೆ ಕಟ್ಟಿದ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿ ಬರುವಂತೆ ಮಾಡಿಸಿ. ಆಗದಿದ್ದರೆ ಖರೀದಿ ಚೀಟಿಯನ್ನು 15ಕ್ಕೇ ಬರೆಯಿರಿ.

ತೂಕ ಸರಿ ಇದ್ದರೂ ಒಯ್ಯಬಾರದ್ದು ಎರಡಿವೆ. ಗಸಗಸೆ ಯುಎಇಯಲ್ಲಿ ನಿಷಿದ್ಧ, ಮಾದಕ ವಸ್ತು ಅಂತ ಹಿಡಿಯುತ್ತಾರೆ. ಅವ್ವ ಮಾಡುವ ಅನಾರಸದ ಮೈತುಂಬ ಗಸಗಸೆ ಇರುತ್ತದೆ, ಅದು ಊರಲ್ಲೇ ತಿಂದು ಹೋಗುವ ತಿಂಡಿ. ಕರದಂಟಿಗೂ ಕೆಲವರು ಹಾಕುತ್ತಾರೆ, ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿಯೇ ಕಟ್ಟಿಸಿ. ಇನ್ನೊಂದು ಒಣಕೊಬ್ಬರಿ ಬಟ್ಟಲು. ಎಣ್ಣೆ ಅಂಶದಿಂದ ಬಿಸಿಯಾಗಿ ಬೆಂಕಿ ಹತ್ತಬಹುದು ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡಲ್ಲ.

ಇನ್ನು ತಕ್ಕಡಿಯ ದೋಷಗಳು. ಆನ್ ಬಟನ್ ಪಕ್ಕದಲ್ಲೇ ಕೆಜಿ–ಪೌಂಡ್ ಬದಲಿಸುವ ಬಟನ್ ಇದೆ. ಹೆಬ್ಬೆರಳು ತಾಗಿದರೆ 23 ಕೆಜಿ ಬ್ಯಾಗ್ 50 ದಾಟಿ ತೋರಿಸುತ್ತದೆ, ಮನೆಮಂದಿಯೆಲ್ಲ ಗಾಬರಿ. ಬ್ಯಾಗ್ ಅಲುಗಾಡಿದರೆ ಅಂಕಿ ನಿಲ್ಲುವುದೇ ಇಲ್ಲ. ನಿಂತ ಮೇಲೆ ಬೀಪ್ ಅನ್ನುತ್ತದೆ, ಅಲ್ಲಿವರೆಗೆ ತೋಳು ನಡುಗುತ್ತಿರುತ್ತದೆ. ಒಬ್ಬರ ಕೈಲಿ ಕಷ್ಟ. ನಮ್ಮ ಮನೆಯಲ್ಲಿ ತಕ್ಕಡಿಯ ಹಿಡಿಕೆಯೊಳಗೆ ಒಂದು ಬಡಿಗೆ ತೂರಿಸಿ, ಆ ತುದಿ ತಮ್ಮ, ಈ ತುದಿ ನಾನು ಎತ್ತುತ್ತೇವೆ. ಕೆಳಗೆ ಬ್ಯಾಗ್ ತೂಗುವಾಗ ಅಪ್ಪ ಕನ್ನಡಕ ಹಾಕಿಕೊಂಡು ಅಂಕಿ ಓದುತ್ತಾರೆ.

ಇಷ್ಟು ದಿನದಲ್ಲಿ ಪಟ್ಟಿ ಒಂದು ಕಡೆ ನೂಲು ಬಿಟ್ಟಿದೆ, ಹರಿದಿಲ್ಲ. ಒಳಗಿರೋದು ನಾಣ್ಯದಂಥ ಸಿಆರ್ 2032 ಸೆಲ್, ವಿಜಯಪುರದಲ್ಲಿ ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಸೋತಾಗ ತೂಕ ತಪ್ಪು ತೋರಿಸುತ್ತದೆ. ಅದಕ್ಕೇ ಪ್ರತಿ ರಜೆಯಲ್ಲೂ ಮೊದಲು ಒಡೆಯದ 10 ಕೆಜಿ ಅಕ್ಕಿ ಚೀಲ ತೂಗಿ ನೋಡುತ್ತೇನೆ. ಕೌಂಟರಿನ ತಕ್ಕಡಿಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಅರ್ಧ ಕೆಜಿ ಕಡಿಮೆಯೇ ತುಂಬಿ.

ಐದಕ್ಕೆ ನಾಲ್ಕು ಸ್ಟಾರ್. ಕಳೆದ ಒಂದು ಆ ಪೌಂಡ್ ಬಟನ್‌ಗೆ.