ಸಮೀಕರಣದ ಮೂಲ, ಮಾತೃಕೆಯ ಲೆಕ್ಕ: ಆರ್ ಭಾಷೆಯನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದಿಡುವ ರೂಢಿಯಿದೆ. ಹೂಮಳೆ ಎಷ್ಟು ಬಂತು, ಅದರ ಹಿಂದೆಯೇ ಬರಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು, ಮುಂಗಾರು ಎಲ್ಲಿಗೆ ನಿಂತಿತು ಎಂಬುದೆಲ್ಲ ತೋಟದ ಮಳೆ ಪುಸ್ತಕದಲ್ಲಿ ಸಿಗುತ್ತದೆ. ಅಂಥ ಪುಸ್ತಕಗಳ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಇಂಥ ತಿಂಗಳಲ್ಲಿ ಇಷ್ಟು ಮಳೆ ಬೀಳುವ ಸಂಭವನೀಯತೆ ಎಷ್ಟು, ಮಳೆಗೂ ಇಳುವರಿಗೂ ಇರುವ ಸಂಬಂಧವೇನು ಎಂದು ಲೆಕ್ಕ ಹಾಕಿಕೊಡುವುದು ನನ್ನ ವೃತ್ತಿಯ ಒಂದು ಭಾಗ. ಈ ಕೆಲಸಕ್ಕೆ ನಾನು ಮೊದಲಿನಿಂದಲೂ ನೆಚ್ಚಿಕೊಂಡಿರುವುದು ಆರ್ ಎಂಬ ಸಂಖ್ಯಾಶಾಸ್ತ್ರೀಯ ಭಾಷೆಯನ್ನು. ಅದರ ನಕ್ಷೆಗಳ ಅಂದಚಂದದ ಬಗ್ಗೆ ಬೇಕಾದಷ್ಟು ಮಂದಿ ಬರೆದಿರುವುದರಿಂದ, ಇಲ್ಲಿ ನಾನು ಎರಡೇ ವಿಷಯಗಳನ್ನು ಪರಿಶೀಲಿಸುತ್ತೇನೆ: ಸಮೀಕರಣದ ಮೂಲವನ್ನು, ಅಂದರೆ ಅದನ್ನು ಸರಿಹೊಂದಿಸುವ ಬೆಲೆಯನ್ನು, ಸಂಖ್ಯಾತ್ಮಕವಾಗಿ ಹುಡುಕುವುದು ಮತ್ತು ಮಾತೃಕೆಗಳ (ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ, ಮ್ಯಾಟ್ರಿಕ್ಸ್‌ಗಳ) ಲೆಕ್ಕ. ಅಳತೆಗೋಲೂ ಒಂದೇ. ಉತ್ತರ ಸಿಗದಿದ್ದಾಗ ಅಥವಾ ಸಿಕ್ಕ ಉತ್ತರ ನಂಬಲರ್ಹವಲ್ಲದಿದ್ದಾಗ ಈ ತಂತ್ರಾಂಶ ಅದನ್ನು ಬಾಯಿಬಿಟ್ಟು ಹೇಳುತ್ತದೆಯೇ?

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಎಸ್ ಭಾಷೆಯ ಮಾದರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಆರ್ ಅನ್ನು ಕಟ್ಟಿದರು, ಅದರ 1.0.0 ಆವೃತ್ತಿ 2000ದ ಫೆಬ್ರವರಿ 29ರಂದು ಬಿಡುಗಡೆಯಾಯಿತು. ಅದು ಉಚಿತ, ಮೂಲಸಂಕೇತವೂ ಮುಕ್ತ. ಮಾತೃಕೆಗಳ ಭಾರವಾದ ಕೆಲಸವನ್ನು ಅದು ತಾನೇ ಮಾಡದೆ, ಫೋರ್ಟ್ರಾನಿನಲ್ಲಿ ಬರೆದ ಲ್ಯಾಪ್ಯಾಕ್ ಮೊದಲಾದ ಹಳೆಯ, ಪಳಗಿದ ಸಂಗ್ರಹಗಳಿಗೆ ಒಪ್ಪಿಸುತ್ತದೆ. ಅದರ ಮೇಲೆ ನನಗಿರುವ ನಂಬಿಕೆಯ ಬಹುಭಾಗ ಈ ಹಳೆಯ ತಲೆಗಳ ಮೇಲಿನ ನಂಬಿಕೆಯೇ.

ಮೂಲ ಹುಡುಕುವ ಕೆಲಸ ಮಳೆಯ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳುವವರಿದ್ದಾರೆ. ಎಷ್ಟು ಮಳೆಗೆ ಎಷ್ಟು ಸಂಭವನೀಯತೆ ಎಂದು ಹೇಳುವ ಗಾಮಾ ವಿತರಣೆ ಎಂಬ ವಕ್ರರೇಖೆಯನ್ನು ತಿಂಗಳ ಮಳೆಗೆ ಹೊಂದಿಸುವುದು ವಾಡಿಕೆ. ಅದರ ಆಕಾರದ ಮೌಲ್ಯವನ್ನು ಗರಿಷ್ಠ ಸಂಭಾವ್ಯತೆಯ ವಿಧಾನದಿಂದ (ಕೈಯಲ್ಲಿರುವ ಅಂಕಿಗಳಿಗೆ ಅತಿ ಹೆಚ್ಚು ಒಪ್ಪುವ ಬೆಲೆಯನ್ನು ಆರಿಸುವುದು) ಪಡೆಯಬೇಕಾದರೆ, ಆ ಮೌಲ್ಯದ ಲಾಗರಿದಂನಿಂದ ಅದರ ಡೈಗಾಮಾ ಎಂಬ ಗಣಿತ ಫಂಕ್ಷನ್ನಿನ ಬೆಲೆಯನ್ನು ಕಳೆದಾಗ ಬರುವ ಸಂಖ್ಯೆಯು, ಸರಾಸರಿ ಮಳೆಯ ಲಾಗರಿದಂ ಮತ್ತು ಮಳೆಯ ಲಾಗರಿದಂಗಳ ಸರಾಸರಿ, ಇವೆರಡರ ನಡುವಿನ ವ್ಯತ್ಯಾಸಕ್ಕೆ ಸಮನಾಗಬೇಕು. ಕಾಗದದ ಮೇಲೆ ಬೀಜಗಣಿತದಿಂದ ಇದನ್ನು ಬಿಡಿಸಲು ಬರುವುದಿಲ್ಲ; ಹುಡುಕಿಯೇ ಕಂಡುಕೊಳ್ಳಬೇಕು. ಆರ್‌ನಲ್ಲಿ ಡೈಗಾಮಾ ಸಿದ್ಧ ಫಂಕ್ಷನ್ ಆಗಿಯೇ ಇದೆ. ಆದ್ದರಿಂದ ಸಮೀಕರಣವನ್ನು ಒಂದು ಸಾಲಿನಲ್ಲಿ ಬರೆದು, 0.01ರಿಂದ 1000ದವರೆಗಿನ ವ್ಯಾಪ್ತಿಯನ್ನು ಕೊಟ್ಟು, ಮೂಲ ಹುಡುಕುವ ಯೂನಿರೂಟ್ ಫಂಕ್ಷನ್ ಅನ್ನು ಕರೆದರೆ ಸಾಕು. ಆ ವ್ಯತ್ಯಾಸ 0.25 ಇದ್ದಲ್ಲಿ ಆಕಾರದ ಮೌಲ್ಯ 2.15ರ ಆಸುಪಾಸಿನಲ್ಲಿ ಬರುತ್ತದೆ. ಮಳೆಯನ್ನು ಇಂಚಿನಲ್ಲಿ ಕೊಟ್ಟರೂ ಮಿಲಿಮೀಟರಿನಲ್ಲಿ ಕೊಟ್ಟರೂ ಈ ವ್ಯತ್ಯಾಸ ಬದಲಾಗುವುದಿಲ್ಲವಾದ್ದರಿಂದ, ಹಳೆಯ ಪುಸ್ತಕದ ಇಂಚು-ಸೆಂಟುಗಳನ್ನು ಈ ಹಂತದಲ್ಲಿ ಪರಿವರ್ತಿಸುವ ಗೋಜೂ ಇಲ್ಲ.

ಯೂನಿರೂಟ್ ಬಳಸುವುದು ರಿಚರ್ಡ್ ಬ್ರೆಂಟ್ 1973ರಲ್ಲಿ ವಿವರಿಸಿದ ವಿಧಾನವನ್ನು. ವ್ಯಾಪ್ತಿಯನ್ನು ಅರ್ಧರ್ಧವಾಗಿ ಕತ್ತರಿಸುತ್ತ ಹೋಗುವ ನಿಧಾನವಾದ ಆದರೆ ಖಚಿತವಾದ ದಾರಿಯನ್ನೂ, ವಕ್ರರೇಖೆಯ ಓಟವನ್ನು ಊಹಿಸಿ ಜಿಗಿಯುವ ವೇಗದ ದಾರಿಯನ್ನೂ ಅದು ಸಂದರ್ಭ ನೋಡಿ ಬದಲಿಸಿಕೊಳ್ಳುತ್ತದೆ. ಅವಕಲನವನ್ನು ಕೇಳುವುದಿಲ್ಲ. ಅದು ಕೇಳುವುದು ಒಂದನ್ನೇ: ವ್ಯಾಪ್ತಿಯ ಎರಡು ತುದಿಗಳಲ್ಲಿ ಫಂಕ್ಷನ್ನಿನ ಬೆಲೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ಆಗಿರಬೇಕು. ಇಲ್ಲದಿದ್ದರೆ ಮುಲಾಜಿಲ್ಲದೆ ನಿಂತುಬಿಡುತ್ತದೆ.

ಈ ನಿಷ್ಠುರತೆ ಹೊಸಬರಿಗೆ ಕಿರಿಕಿರಿ. ನನ್ನ ಮಟ್ಟಿಗೆ ಇದರ ದೊಡ್ಡ ಗುಣವೇ ಇದು. ಕಡೂರಿನ ಕಡೆಯ ಜನವರಿ ತಿಂಗಳ ಅಂಕಿಗಳನ್ನು ತೆಗೆದುಕೊಳ್ಳಿ. ಒಂದು ಹನಿಯೂ ಬೀಳದ ವರ್ಷಗಳು ಅಲ್ಲಿ ಧಾರಾಳವಾಗಿವೆ. ಸೊನ್ನೆಯ ಲಾಗರಿದಂ ಕೇಳಿದರೆ ಆರ್ ಯಾವ ಎಚ್ಚರಿಕೆಯನ್ನೂ ಕೊಡದೆ ಋಣ ಅನಂತ ಎಂದು ಉತ್ತರಿಸುತ್ತದೆ, ಆ ಅನಂತವು ಸರಾಸರಿಯೊಳಗೆ ಸೇರಿ ಇಡೀ ಸಮೀಕರಣವನ್ನು ಕೆಡಿಸುತ್ತದೆ, ಎರಡೂ ತುದಿಗಳು ಋಣವಾಗುತ್ತವೆ, ಆಗ ಯೂನಿರೂಟ್ ಬಾಗಿಲಲ್ಲಿಯೇ ತಡೆಯುತ್ತದೆ. ಸೊನ್ನೆ ಮಳೆಯ ಸಂಭವನೀಯತೆಯನ್ನು ಪ್ರತ್ಯೇಕವಾಗಿ ಎಣಿಸಿ, ಮಳೆ ಬಿದ್ದ ವರ್ಷಗಳಿಗೆ ಮಾತ್ರ ಗಾಮಾ ಹೊಂದಿಸಬೇಕೆಂಬ ಸಂಖ್ಯಾಶಾಸ್ತ್ರದ ಪಾಠವನ್ನು ಅದು ಹೀಗೆ ತನ್ನದೇ ರೀತಿಯಲ್ಲಿ ನೆನಪಿಸುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಇದೇ ಕೆಲಸಕ್ಕಿರುವ ಗೋಲ್ ಸೀಕ್ ಈ ಬಗೆಯ ಕಾವಲು ಕಾಯುವುದಿಲ್ಲ. ಅದು ಕೋಶದಲ್ಲಿರುವ ಬೆಲೆಯಿಂದ ಹೊರಟು ಹುಡುಕುತ್ತದೆ, ಎರಡು ತುದಿಗಳ ಚಿಹ್ನೆಯನ್ನು ಕೇಳುವುದಿಲ್ಲ.

ಆದರೆ ಇದೇ ಯೂನಿರೂಟ್ ಸದ್ದಿಲ್ಲದೆ ಮೋಸಗೊಳಿಸುವ ಎರಡು ಜಾಗಗಳಿವೆ. ಮೊದಲನೆಯದು ನಿಖರತೆಯ ಮಿತಿ. ನಾವು ಏನನ್ನೂ ಹೇಳದಿದ್ದರೆ ಅದು ತಾನಾಗಿ ಇಟ್ಟುಕೊಳ್ಳುವ ಮಿತಿ ಸುಮಾರು 0.00012. ಇದು ಮೂಲದ ಗಾತ್ರಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಶೇಕಡಾವಾರು ಮಿತಿಯಲ್ಲ, ನೇರ ಅಂತರ. ಮೂಲ 2.15 ಆಗಿದ್ದಾಗ ಇದರಿಂದ ಬಾಧಕವಿಲ್ಲ. ತೋಟದ ಯಂತ್ರಕ್ಕೆ ಪಡೆದ ಸಾಲದ ಕಂತುಗಳಿಂದ ದಿನದ ಬಡ್ಡಿದರವನ್ನು ಹಿಂದಕ್ಕೆ ಹುಡುಕುವ ಲೆಕ್ಕವಾದರೆ ಮಾತೇ ಬೇರೆ. ವರ್ಷಕ್ಕೆ ಶೇ. 12 ಎಂದರೆ ದಿನಕ್ಕೆ ಸುಮಾರು 0.00033. ಅದರ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾದ ತಪ್ಪನ್ನು ಸಹಿಸುವ ಮಿತಿಯನ್ನಿಟ್ಟುಕೊಂಡು ತಂತ್ರಾಂಶ ಉತ್ತರ ಹೇಳುತ್ತಿದೆ ಎಂದಾಯಿತು. ಎಷ್ಟೋ ಸಲ ಉತ್ತರ ಮಿತಿಗಿಂತ ಬಹಳ ಚೆನ್ನಾಗಿಯೇ ಇರುತ್ತದೆ ನಿಜ, ಆದರೆ ಭರವಸೆ ಇರುವುದು ಅಷ್ಟಕ್ಕೇ. ಅಂದಾಜು ನಿಖರತೆಯನ್ನು ಉತ್ತರದ ಜೊತೆಗೇ ಅದು ಕೊಡುತ್ತದೆ, ಅದನ್ನು ನೋಡುವವರು ಕಡಿಮೆ. ಮಿತಿಯನ್ನು ನಾವೇ ಬರೆದು ಕೊಡುವುದು ಒಂದು ಪದದ ಕೆಲಸ. ಇಷ್ಟು ವರ್ಷವಾದರೂ ಈ ಪೂರ್ವನಿಗದಿತ ಬೆಲೆಯನ್ನು ಬಿಗಿಗೊಳಿಸದಿರುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಎರಡನೆಯದು, ಚಿಹ್ನೆ ಬದಲಾಗುವ ಜಾಗವೆಲ್ಲ ಮೂಲವಲ್ಲ ಎಂಬುದು. 1ರಿಂದ 2ರ ನಡುವೆ ಟ್ಯಾನ್ ಫಂಕ್ಷನ್ನಿನ ಮೂಲ ಎಲ್ಲಿದೆ ಎಂದು ಕೇಳಿದರೆ ಯೂನಿರೂಟ್ ನಿಶ್ಚಿಂತೆಯಿಂದ 1.57 ಎಂದು ಹೇಳುತ್ತದೆ. ಅಲ್ಲಿ ಆ ಫಂಕ್ಷನ್ ಸೊನ್ನೆಯಾಗುವುದಿಲ್ಲ, ಅನಂತದಿಂದ ಋಣ ಅನಂತಕ್ಕೆ ಹಾರುತ್ತದೆ. ಉತ್ತರದ ಜೊತೆಗೆ ಬರುವ, ಆ ಬಿಂದುವಿನಲ್ಲಿ ಫಂಕ್ಷನ್ನಿನ ಬೆಲೆಯೆಷ್ಟು ಎಂಬ ಸಂಖ್ಯೆಯನ್ನು ನೋಡಿದರೆ ಗುಟ್ಟು ರಟ್ಟಾಗುತ್ತದೆ.

ಬಹುಪದಿಗಳಿಗೆ ಪಾಲಿರೂಟ್ ಇದೆ. ಗುಣಾಂಕಗಳನ್ನು ಸ್ಥಿರ ಪದದಿಂದ ಮೊದಲ್ಗೊಂಡು ಏರುಘಾತದಲ್ಲಿ ಕೊಡಬೇಕು ಎಂಬುದನ್ನು ಮರೆಯದಿದ್ದರೆ ಅದರಿಂದ ತೊಂದರೆಯಿಲ್ಲ. ವಾಸ್ತವ ಮೂಲಗಳನ್ನೂ ಸಂಮಿಶ್ರ ಸಂಖ್ಯೆಯ ರೂಪದಲ್ಲಿಯೇ ಕೊಡುವುದರಿಂದ ಪುಡಿಗಾಸಿನಂಥ ಕಾಲ್ಪನಿಕ ಭಾಗವನ್ನು ಒರೆಸಿಕೊಳ್ಳಬೇಕು, ಅಷ್ಟೆ. ಹಲವು ಚರಾಕ್ಷರಗಳ ಸಮೀಕರಣಗಳಿಗೆ ಮೂಲ ಆರ್‌ನಲ್ಲಿ ನೇರ ಏರ್ಪಾಡಿಲ್ಲ, ರೂಟ್‌ಸಾಲ್ವ್ ಅಥವಾ ಎನ್‌ಎಲ್‌ಇಕ್ಯೂಎಸ್‌ಎಲ್‌ವಿ ಪ್ಯಾಕೇಜನ್ನು ಹಾಕಿಕೊಳ್ಳಬೇಕಾಗುತ್ತದೆ.

ಇನ್ನು ಮಾತೃಕೆಗಳು. ಇಲ್ಲಿ ಆರ್‌ನ ನಿಜವಾದ ತೂಕ ಗೊತ್ತಾಗುತ್ತದೆ. 1990ರಿಂದ 2024ರವರೆಗಿನ ಇಳುವರಿಯಲ್ಲಿ ಕಾಲಾನುಕ್ರಮದ ಬಾಗು ಇದೆಯೇ ಎಂದು ನೋಡಲು ಬರೀ ಒಂದುಗಳು, ಇಸವಿ, ಇಸವಿಯ ವರ್ಗ ಎಂಬ ಮೂರು ಕಂಬಸಾಲುಗಳ ಮಾತೃಕೆಯನ್ನು ಕಟ್ಟುತ್ತೇವೆಂದುಕೊಳ್ಳಿ. ಕಾಲೇಜಿನ ಪಠ್ಯದಲ್ಲಿ ಕಲಿತ ಸೂತ್ರದಂತೆ ಮಾತೃಕೆಯ ಪರಿವರ್ತವನ್ನು (ಅಡ್ಡಸಾಲು, ಕಂಬಸಾಲುಗಳನ್ನು ಅದಲುಬದಲು ಮಾಡಿದ ರೂಪ) ಆ ಮಾತೃಕೆಯಿಂದಲೇ ಗುಣಿಸಿ, ಬಂದದ್ದರ ವಿಲೋಮವನ್ನು ಸಾಲ್ವ್ ಫಂಕ್ಷನ್ನಿನಿಂದ ಕೇಳಿದರೆ, ಈ ವ್ಯವಸ್ಥೆ ಗಣನೆಯ ದೃಷ್ಟಿಯಿಂದ ವಿಲೋಮವಿಲ್ಲದ್ದು ಎಂದು ಆರ್ ನಿರಾಕರಿಸುತ್ತದೆ; ಎಷ್ಟರಮಟ್ಟಿಗೆ ಕೆಟ್ಟಿದೆ ಎಂಬ ಸಂಖ್ಯೆಯನ್ನೂ ಜೊತೆಗೆ ಮುದ್ರಿಸುತ್ತದೆ. ಗಣಿತದ ದೃಷ್ಟಿಯಿಂದ ವಿಲೋಮ ಇದೆ. ಆದರೆ 1990ರಂಥ ಸಂಖ್ಯೆ ನಾಲ್ಕನೇ ಘಾತಕ್ಕೆ ಏರಿದಾಗ ಹದಿನಾಲ್ಕು ಅಂಕಿಗಳಾಗುತ್ತವೆ. ಯಂತ್ರದಲ್ಲಿ ಒಂದು ಸಂಖ್ಯೆಗೆ ಸಿಗುವುದು ಹದಿನೈದು-ಹದಿನಾರು ಅರ್ಥಪೂರ್ಣ ಅಂಕಿಗಳಷ್ಟೇ. ಮಾತೃಕೆಯಲ್ಲಿದ್ದ ದೌರ್ಬಲ್ಯವು ಪರಿವರ್ತದಿಂದ ಗುಣಿಸಿದಾಗ ವರ್ಗಗೊಂಡು ಬೆಳೆಯುತ್ತದೆ.

ಅದೇ ಅಂಕಿಗಳನ್ನು ರಿಗ್ರೆಷನ್ನಿನ ಎಲ್‌ಎಂ ಫಂಕ್ಷನ್ನಿಗೆ ಕೊಟ್ಟರೆ ಉತ್ತರ ಸಲೀಸಾಗಿ ಬರುತ್ತದೆ. ಕಾರಣ, ಅದು ಆ ಗುಣಾಕಾರವನ್ನು ಮಾಡುವುದೇ ಇಲ್ಲ. ಮೂಲ ಮಾತೃಕೆಯನ್ನೇ ಕ್ಯೂಆರ್ ವಿಧಾನದಿಂದ ಒಂದು ಲಂಬಕೋನೀಯ ಭಾಗ ಮತ್ತು ಒಂದು ತ್ರಿಕೋನ ಭಾಗವಾಗಿ ಒಡೆದು ಕೆಳಗಿನಿಂದ ಮೇಲಕ್ಕೆ ಬಿಡಿಸುತ್ತದೆ. ಇಸವಿಯಿಂದ 2007ನ್ನು ಕಳೆದು ನಡುವಿನ ವರ್ಷವನ್ನು ಸೊನ್ನೆಯಾಗಿಸಿಕೊಂಡರೆ ಪಠ್ಯದ ಸೂತ್ರವೂ ತಕರಾರಿಲ್ಲದೆ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ಮಾಡಿ ತೋರಿಸುವುದಕ್ಕಿಂತ ಒಳ್ಳೆಯ ಪಾಠ ಈ ವಿಷಯದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಹನ್ನೆರಡು ತಿಂಗಳ ಮಳೆಯ ಜೊತೆಗೆ ವರ್ಷದ ಒಟ್ಟು ಮಳೆಯನ್ನೂ ಸೇರಿಸಿದರೆ ಎಲ್‌ಎಂ ಒಂದು ಗುಣಾಂಕದ ಜಾಗದಲ್ಲಿ ಲಭ್ಯವಿಲ್ಲ ಎಂದು ಬರೆದು ಉಳಿದುದನ್ನು ಕೊಡುತ್ತದೆ. ಇದೂ ಪ್ರಾಮಾಣಿಕ ನಡೆಯೇ.

ಮಳೆಮಾಪಕಗಳ ಮಳೆ ಒಟ್ಟಿಗೆ ಏರಿಳಿಯುವ ಪ್ರಮಾಣವನ್ನು, ಅಂದರೆ ಸಹವ್ಯತ್ಯಯವನ್ನು, ಅವುಗಳ ನಡುವಿನ ದೂರದಿಂದ ಲೆಕ್ಕ ಹಾಕಿ ಕಟ್ಟಿದ ಮಾತೃಕೆಯನ್ನು ಚೋಲೆಸ್ಕಿ ವಿಧಾನದಿಂದ ತ್ರಿಕೋನ ಭಾಗಗಳಾಗಿ ಒಡೆಯುವಾಗ ಇನ್ನೊಂದು ಸೂಕ್ಷ್ಮವನ್ನು ಗಮನಿಸಿದ್ದೇನೆ. ಮೂಡಿಗೆರೆ ಕಡೆಯ ಎರಡು ಮಾಪಕಗಳಿಗೆ ಪಟ್ಟಿಯಲ್ಲಿ ಒಂದೇ ಅಕ್ಷಾಂಶ ರೇಖಾಂಶ ನಮೂದಾಗಿದ್ದರೆ ಮಾತೃಕೆ ಕೆಡುತ್ತದೆ. ಚೋಲ್ ಫಂಕ್ಷನ್ ಬರಿದೇ ಆಗುವುದಿಲ್ಲ ಎನ್ನದೆ, ಎಷ್ಟನೇ ಕ್ರಮದ ಉಪನಿರ್ಧಾರಕದಲ್ಲಿ ಎಡವಿತು ಎಂಬುದನ್ನೂ ತಿಳಿಸುತ್ತದೆ. ಸಾಮಾನ್ಯವಾಗಿ ಆ ಕ್ರಮಸಂಖ್ಯೆಯ ಮಾಪಕವನ್ನು ಹುಡುಕಿದರೆ ಜೋಡಿ ಸಿಕ್ಕಿಬೀಳುತ್ತದೆ.

ಮೌನವಾಗಿ ತಪ್ಪುವ ಕಡೆಗಳು ಇಲ್ಲಿಯೂ ಇವೆ, ಮತ್ತು ನನ್ನ ದೃಷ್ಟಿಯಲ್ಲಿ ಇವು ಯೂನಿರೂಟ್‌ನವಕ್ಕಿಂತ ಹೆಚ್ಚು ಅಪಾಯಕಾರಿ. ಮಳೆ ಪುಸ್ತಕದಲ್ಲಿ ಒಂದು ವರ್ಷಕ್ಕೆ ಒಂದು ಅಡ್ಡಸಾಲು, ಅದರಲ್ಲಿ ಹನ್ನೆರಡು ತಿಂಗಳು ಇದ್ದರೆ, ಅದನ್ನು ಓದಿದ ಕ್ರಮದಲ್ಲಿಯೇ ಟೈಪ್ ಮಾಡಿ ಮಾತೃಕೆಯಾಗಿಸಿದಾಗ ಆರ್ ಅದನ್ನು ಕಂಬಸಾಲಿನುದ್ದಕ್ಕೂ ಮೇಲಿನಿಂದ ಕೆಳಕ್ಕೆ ತುಂಬುತ್ತದೆ. ಆಕಾರ ಸರಿಯಾಗಿರುತ್ತದೆ, ಒಳಗೆ ಜುಲೈ ಮಳೆ ಫೆಬ್ರವರಿಯಲ್ಲಿ ಕೂತಿರುತ್ತದೆ. ಇದಕ್ಕಿಂತ ಕೆಟ್ಟದ್ದು, ಆ ಮಾತೃಕೆಯಿಂದ ಹನ್ನೆರಡು ತಿಂಗಳ ಸರಾಸರಿಗಳನ್ನು ನೇರವಾಗಿ ಕಳೆದಾಗ ಆಗುವುದು. ತಿಂಗಳಿಗೆ ತಿಂಗಳು ಹೊಂದಿಸದೆ, ಆರ್ ಆ ಹನ್ನೆರಡು ಸಂಖ್ಯೆಗಳನ್ನು ಕಂಬಸಾಲಿನುದ್ದಕ್ಕೂ ಮತ್ತೆ ಮತ್ತೆ ಸುತ್ತಿಸುತ್ತದೆ. ಹನ್ನೆರಡು ಕಂಬಸಾಲುಗಳ ಯಾವುದೇ ಮಾತೃಕೆಯ ಒಟ್ಟು ಅಂಕಿಗಳು ಹನ್ನೆರಡರ ಗುಣಕವಾಗಿಯೇ ಇರುವುದರಿಂದ ಎಚ್ಚರಿಕೆಯ ಒಂದು ಅಕ್ಷರವೂ ಬರುವುದಿಲ್ಲ. ಸರಿಯಾದ ಸಾಧನ, ತಿಂಗಳಿಗೆ ತಿಂಗಳು ಹೊಂದಿಸಿ ಕಳೆಯುವ ಸ್ವೀಪ್ ಫಂಕ್ಷನ್. ಹಾಗೆಯೇ ಮಾತೃಕೆಯಿಂದ ಒಂದೇ ಅಡ್ಡಸಾಲನ್ನು ಆಯ್ದುಕೊಂಡರೆ ಅದು ಮಾತೃಕೆಯ ರೂಪವನ್ನೇ ಕಳೆದುಕೊಂಡು ಬರೀ ಪಟ್ಟಿಯಾಗುತ್ತದೆ. ಬೇಡವೆಂದು ನಾವೇ ಹೇಳಬೇಕು.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೋಟದ ಮಟ್ಟದ ಅಂಕಿಗಳಿಗೆ ಹಳೆಯ ಲ್ಯಾಪ್‌ಟಾಪ್ ಸಾಕು. ಸಾವಿರಾರು ಸಾಲುಗಳ ಚೌಕ ಮಾತೃಕೆಗಳಾದರೆ ಮಾತೃಕೆಗಳ ಮೂಲಭೂತ ಲೆಕ್ಕಗಳಿಗೆಂದು ಜೊತೆಯಲ್ಲಿ ಬರುವ ಸಾಮಾನ್ಯ ಬ್ಲಾಸ್ ಸಂಗ್ರಹದ ಬದಲು ಹೆಚ್ಚು ವೇಗದ ಓಪನ್‌ಬ್ಲಾಸ್ ಹಾಕಿಕೊಳ್ಳಬೇಕು. ಉಬುಂಟುವಿನಲ್ಲಿ ಇದು ಸುಲಭ, ವಿಂಡೋಸ್‌ನಲ್ಲಿ ತಲೆನೋವು. ಬಹುಪಾಲು ಸೊನ್ನೆಗಳೇ ಇರುವ ಮಾತೃಕೆಗಳಿಗೆ ಮ್ಯಾಟ್ರಿಕ್ಸ್ ಎಂಬ ಪ್ಯಾಕೇಜ್ ಆರ್ ಜೊತೆಗೇ ಬರುತ್ತದೆ.

ದೀರ್ಘಕಾಲ ಬಳಸುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಆವೃತ್ತಿಗಳದ್ದು. ಹಳೆಯ ಸ್ಕ್ರಿಪ್ಟುಗಳು ಬಹುತೇಕ ಹಾಗೆಯೇ ಓಡುತ್ತವೆ, ಆದರೂ 2020ರ 4.0.0 ಆವೃತ್ತಿಯಿಂದ ಮಾತೃಕೆಯ ಕ್ಲಾಸ್, ಅಂದರೆ ಅದು ಯಾವ ಬಗೆಯ ವಸ್ತು, ಎಂದು ಕೇಳಿದರೆ ಒಂದರ ಬದಲು ಎರಡು ಹೆಸರುಗಳು ಬರುತ್ತವೆ. ಆ ಉತ್ತರವನ್ನು ಷರತ್ತಿನಲ್ಲಿ ಹೋಲಿಸುವ ಹಳೆಯ ಸಾಲುಗಳು ಮೊದಮೊದಲು ಎಚ್ಚರಿಕೆ ಕೊಟ್ಟು, 2022ರ 4.2.0ರಿಂದ ಪೂರ್ತಿ ನಿಂತೇಹೋಗುತ್ತವೆ. ತಿದ್ದುವುದು ಕಷ್ಟವಲ್ಲ, ಹೀಗೆ ನಿಲ್ಲುವುದು ನನಗೆ ಇಷ್ಟವೇ.

ಮಳೆಗಾಲದಲ್ಲಿ ಮಲೆನಾಡಿನ ಕಡೆ ನೆಟ್‌ವರ್ಕ್ ದಿನಗಟ್ಟಲೆ ಹೋಗುವುದು ಹೊಸದೇನಲ್ಲ. ಆರ್‌ಗೆ ಲಾಗಿನ್ ಬೇಡ, ಪರವಾನಗಿ ಪರೀಕ್ಷೆ ಬೇಡ, ಪ್ರತಿ ಫಂಕ್ಷನ್ನಿನ ವಿವರಣೆಯೂ ಲ್ಯಾಪ್‌ಟಾಪಿನೊಳಗೇ ಇರುತ್ತದೆ. ವಿವರಣೆಯ ಭಾಷೆ ಇಂಗ್ಲಿಷು, ಅದೂ ಬಲ್ಲವರಿಗಾಗಿ ಬರೆದದ್ದು. ಬಿಎಸ್ಸಿ ವಿದ್ಯಾರ್ಥಿಗೆ ಮೊದಲ ಓದಿನಲ್ಲಿ ದಕ್ಕುವುದು ಕಷ್ಟ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಯೂನಿರೂಟ್‌ನ ಸಡಿಲ ಮಿತಿಗೆ, ಇನ್ನರ್ಧ ಎಚ್ಚರಿಕೆಯಿಲ್ಲದೆ ಸುತ್ತುವ ಆ ಹನ್ನೆರಡು ಸರಾಸರಿಗಳಿಗೆ.